ಹಳೆಯ ಸೈಕಲ್ಲಿಗೆ ಹೊಸ ಬ್ರೇಕು



ಹಳೆಯ ಬಟ್ಟೆಗೆ ಹೊಸ ತುಂಡಿನ ತೇಪೆ, ಹಳೆಯ ಬುದ್ದಲಿಗೆ ಹೊಸ ದ್ರಾಕ್ಷಾರಸ. ಯೇಸುಸ್ವಾಮಿ ಹೇಳಿದ ಈ ಎರಡು ಸಾಮತಿಗಳನ್ನು ಸಂತ ಮತ್ತಾಯ, ಸಂತ ಮಾರ್ಕ, ಸಂತ ಲೂಕ ಮೂವರೂ ಬರೆದಿಟ್ಟಿದ್ದಾರೆ. ಪ್ರತಿ ವರ್ಷವೂ ಬಲಿಪೂಜೆಯ ವಾಚನಗಳಲ್ಲಿ ಇವು ನಮ್ಮ ಕಿವಿಗೆ ಬೀಳುತ್ತವೆ. ಸಾಮಾನ್ಯವಾಗಿ ನಾವು ಇವನ್ನು ಹೊಸದರ ಪರವಾದ ವಾದವೆಂದೇ ಕೇಳಿಸಿಕೊಳ್ಳುತ್ತೇವೆ. ಹಳೆಯದು ಹೋಗಲಿ, ಹೊಸದು ಬರಲಿ ಎಂದು ಹೇಳುವವರಿಗೆ ಈ ಸಾಮತಿ ಬಹಳ ಇಷ್ಟ. ಆದರೆ ಮತ್ತಾಯನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಆ ಮಾತು ಎಲ್ಲಿ ಮುಗಿಯುತ್ತದೆಂಬುದನ್ನು ಒಮ್ಮೆ ನೋಡಿರಿ. ದ್ರಾಕ್ಷಾರಸವೂ ಉಳಿಯಬೇಕು, ಬುದ್ದಲಿಯೂ ಉಳಿಯಬೇಕು ಎಂಬಲ್ಲಿ ಅದು ಮುಗಿಯುತ್ತದೆ. ಅಂದರೆ ಸ್ವಾಮಿಯವರಿಗೆ ಹಳೆಯ ಬುದ್ದಲಿಯ ಬಗ್ಗೆ ತಾತ್ಸಾರವಿರಲಿಲ್ಲ. ಅದು ಒಡೆದುಹೋಗುತ್ತದಲ್ಲಾ ಎಂಬ ಕಾಳಜಿ ಇತ್ತು. ಹೊಸ ರಸ ಹುಳಿಯುವಾಗ ಉಬ್ಬುತ್ತದೆ. ಹೊಸ ಚರ್ಮ ಅದರ ಜೊತೆ ಹಿಗ್ಗುತ್ತದೆ. ಹಳೆಯ ಚರ್ಮವಾದರೋ ಹಿಗ್ಗಬೇಕಾದಷ್ಟು ಹಿಗ್ಗಿ ಆಗಿದೆ. ಇನ್ನು ಅದಕ್ಕೆ ಕೊಡಲು ಏನೂ ಉಳಿದಿಲ್ಲ.

ಈ ಸಾಮತಿಯನ್ನು ನಾನು ಇಂದು ಒಂದು ಸೈಕಲ್ಲಿನ ಮೇಲೆ ಇಟ್ಟು ನೋಡಲು ಬಯಸುತ್ತೇನೆ. ಧರ್ಮದ ಪುಟದಲ್ಲಿ ಸೈಕಲ್ಲಿನ ಮಾತೇ ಎಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಇಟಲಿಯ ಕೋಮೊ ಸರೋವರದ ಬಳಿ, ಗಿಸಾಲೊ ಎಂಬ ಬೆಟ್ಟದ ಏರಿನ ತುದಿಯಲ್ಲಿ, ಮಾತೆ ಮರಿಯಮ್ಮನವರ ಚಿಕ್ಕದೊಂದು ದೇವಾಲಯವಿದೆ. 1949ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು, ಅಂದರೆ ಹನ್ನೆರಡನೆಯ ಪಿಯುಸ್‌ರವರು, ಆ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದರು. ಅದರ ಗೋಡೆಗಳ ತುಂಬ ಹೆಸರಾಂತ ಸವಾರರ ಸೈಕಲ್ಲುಗಳು ತೂಗುಹಾಕಿವೆ. ಅವುಗಳಲ್ಲಿ ಒಂದು ಫಾಬಿಯೊ ಕಸಾರ್ಟೆಲ್ಲಿಯದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಈ ತರುಣ 1995ರ ಟೂರ್ ಡಿ ಫ್ರಾನ್ಸ್ ಓಟದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ಸತ್ತನು. ಏರುವಾಗ ಬೇಕಾದದ್ದು ಕಾಲಿನ ಶಕ್ತಿ. ಇಳಿಯುವಾಗ ಬೇಕಾದದ್ದು ವಿವೇಕ. ನಮ್ಮ ಮಲೆನಾಡಿನ ಧರ್ಮಕೇಂದ್ರಗಳ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಕುಟುಂಬ. ತಂದೆ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದಾಗ 1997ರಲ್ಲಿ ಒಂದು ಒಳ್ಳೆಯ ಗೇರ್ ಸೈಕಲ್ಲನ್ನು ಕೊಂಡು ಊರಿಗೆ ತಂದಿದ್ದರು. ಬೆಟ್ಟಗುಡ್ಡಗಳಲ್ಲಿ ಓಡಿಸಲೆಂದೇ ಮಾಡಿದ ಸೈಕಲ್ಲು, ಅಲ್ಯೂಮಿನಿಯಂ ಫ್ರೇಮು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈಗ ಹದಿನೇಳರ ಮಗ ಅದನ್ನೇ ತುಳಿದುಕೊಂಡು ಕಾಲೇಜಿಗೆ ಹೋಗುತ್ತಾನೆ. ಹೋಗುವಾಗ ಇಳಿಜಾರು, ಬರುವಾಗ ಏರು. ಮಳೆಗಾಲದಲ್ಲಿ ಬ್ರೇಕು ಹಿಡಿಯುವುದಿಲ್ಲ ಎಂಬುದು ಅವನ ದೂರು. ಹುಡುಗನ ಚಿಕ್ಕಪ್ಪ ಅದಕ್ಕೆ ಡಿಸ್ಕ್ ಬ್ರೇಕ್ ಹಾಕಿಸೋಣ, ಹಣ ನಾನು ಕೊಡುತ್ತೇನೆ ಎಂದರು. ತಾಯಿಯಾದರೋ, ಯಜಮಾನರು ತಂದ ಸೈಕಲ್ಲಿನ ಒಂದು ಮೊಳೆಯನ್ನೂ ಯಾರೂ ಮುಟ್ಟಕೂಡದು ಎಂದರು. ಮೂವರೂ ಒಂದು ಸಂಜೆ ಗುರುನಿವಾಸಕ್ಕೆ ಬಂದರು.

"ಫಾದರ್, ನೀವೇ ಹೇಳಿ, ತೀರಿಹೋದವರ ನೆನಪಿಗೆ ಬೆಲೆ ಇಲ್ಲವೇ?" ಎಂದು ಆ ತಾಯಿ ಕೇಳಿದರು.

"ಅತ್ತಿಗೇ, ಹುಡುಗನ ಜೀವಕ್ಕೂ ಬೆಲೆ ಇದೆಯಲ್ಲ," ಎಂದರು ಚಿಕ್ಕಪ್ಪ.

ಇಬ್ಬರ ಮಾತಿನಲ್ಲೂ ಪ್ರೀತಿಯಿತ್ತು. ಆದುದರಿಂದಲೇ ಇದು ನೈತಿಕ ಪ್ರಶ್ನೆ. ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವೆ ಆಯ್ಕೆಯಿದ್ದರೆ ಅದು ಕಷ್ಟವಾಗಬಹುದು, ಆದರೆ ಗೊಂದಲವಲ್ಲ. ಎರಡು ಒಳಿತುಗಳು ಎದುರುಬದುರಾಗಿ ನಿಂತಾಗಲೇ ಮನಸ್ಸಾಕ್ಷಿಗೆ ಕೆಲಸ.

ಮೊದಲು ಆ ಬ್ರೇಕುಗಳ ಸಂಗತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. ವಸ್ತುವಿನ ಸ್ವಭಾವ ತಿಳಿಯದೆ ಅದರ ಬಗ್ಗೆ ನೀತಿ ಹೇಳುವುದು ಸರಿಯಲ್ಲವೆಂದು ನಮಗೆ ತತ್ವಶಾಸ್ತ್ರ ಕಲಿಸಿದ ಗುರುಗಳು ಮತ್ತೆ ಮತ್ತೆ ಹೇಳುತ್ತಿದ್ದರು. ಹಳೆಯ ಸೈಕಲ್ಲಿನಲ್ಲಿ ಬ್ರೇಕಿನ ರಬ್ಬರು ಚಕ್ರದ ರಿಮ್ಮನ್ನೇ ಎರಡು ಕಡೆಯಿಂದ ಅದುಮುತ್ತದೆ. ರಿಮ್ಮು ರಸ್ತೆಗೆ ಹತ್ತಿರ. ಮಳೆ ಬಂದರೆ ನೀರು, ಕೆಸರು ಎಲ್ಲವೂ ಅದರ ಮೇಲೆಯೇ. ರಬ್ಬರು ಮೊದಲು ಆ ನೀರನ್ನು ಒರೆಸಿ ಆಮೇಲೆ ಹಿಡಿಯಬೇಕು. ಆ ಒಂದೆರಡು ಕ್ಷಣಗಳಲ್ಲಿ ತಿರುವು ಬಂದುಬಿಡುತ್ತದೆ. ಮೇಲಾಗಿ, ಕೆಸರಿನ ಮರಳು ತಿಕ್ಕಿ ತಿಕ್ಕಿ ರಿಮ್ಮಿನ ಗೋಡೆ ತೆಳುವಾಗುತ್ತಾ ಬರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಹಾಗಲ್ಲ. ಚಕ್ರದ ನಡುವಿನ ಹಬ್ಬಿಗೆ ಉಕ್ಕಿನ ತಟ್ಟೆಯೊಂದನ್ನು ಬಿಗಿದಿರುತ್ತಾರೆ. ಸಾಮಾನ್ಯವಾಗಿ ಅದರ ವ್ಯಾಸ 160 ಮಿಲಿಮೀಟರ್, ಕೆಲವದರಲ್ಲಿ 180 ಅಥವಾ 203. ಫೋರ್ಕಿನ ಎಡಗಾಲಿನ ಕೆಳತುದಿಗೆ ಬಿಗಿದ ಕ್ಯಾಲಿಪರ್ ಆ ತಟ್ಟೆಯನ್ನು ಹಿಡಿಯುತ್ತದೆ. ಕೆಸರಿಗೆ ದೂರ, ಮಳೆಯಲ್ಲೂ ಹಿಡಿತ ಚೆನ್ನ, ಒಂದು ಬೆರಳಿನಿಂದ ಒತ್ತಿದರೂ ಸಾಕು. ಚಿಕ್ಕಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಓಡುವ ಸೈಕಲ್ಲನ್ನು ನಿಲ್ಲಿಸುವ ಬಲ ಎಲ್ಲಿಗೆ ಹೋಗುತ್ತದೆ? ತಿಕ್ಕಾಟದ ಶಾಖವೇನೋ ಗಾಳಿಗೆ ಹೋಗುತ್ತದೆ. ಬಲ ಹಾಗೆ ಹೋಗುವುದಿಲ್ಲ. ಅದನ್ನು ಯಾರಾದರೂ ಹೊರಲೇಬೇಕು. ರಿಮ್ ಬ್ರೇಕಿನಲ್ಲಿ ಹಿಡಿತ ಬೀಳುವುದು ಅಚ್ಚಿನಿಂದ ಸುಮಾರು 270 ಮಿಲಿಮೀಟರ್ ದೂರದಲ್ಲಿ. 160 ಮಿಲಿಮೀಟರಿನ ತಟ್ಟೆಯಲ್ಲಾದರೋ ಸುಮಾರು 75 ಮಿಲಿಮೀಟರ್ ದೂರದಲ್ಲಿ. ಬಾಗಿಲನ್ನು ಅಂಚಿನಲ್ಲಿ ತಳ್ಳುವುದಕ್ಕೂ ಕೀಲಿನ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತು. ಅದೇ ಲೆಕ್ಕದಲ್ಲಿ, ಅಷ್ಟೇ ವೇಗವನ್ನು ಅಷ್ಟೇ ದೂರದಲ್ಲಿ ನಿಲ್ಲಿಸಲು ಡಿಸ್ಕಿನ ಹಿಡಿತ ಮೂರೂವರೆ ಪಟ್ಟು ಹೆಚ್ಚು ಬಲವನ್ನು ಹಾಕಬೇಕು. ಆ ಬಲ ಎರಡು ಕಾಲುಗಳಿಗೆ ಹಂಚಿಹೋಗುವುದೂ ಇಲ್ಲ. ಹಳೆಯ ಬ್ರೇಕು ಫೋರ್ಕಿನ ಮೇಲ್ಭಾಗದಲ್ಲಿ, ಗಟ್ಟಿಯಾದ ಕಡೆ, ಎರಡು ಕಾಲುಗಳ ಮೇಲೂ ಸಮನಾಗಿ ಭಾರ ಹಾಕುತ್ತಿತ್ತು. ಡಿಸ್ಕ್ ಬ್ರೇಕು ಎಡಗಾಲೊಂದರ ಮೇಲೆ, ಅದೂ ಕೆಳತುದಿಯಲ್ಲಿ ಹಾಕುತ್ತದೆ. ಹಳೆಯ ಫೋರ್ಕು ಕೆಳಗೆ ಹೋದಂತೆ ಸಣ್ಣಗಾಗುತ್ತದೆ. ಅಲ್ಲಿ ಭಾರ ಬೀಳುವುದಿಲ್ಲವೆಂದು ತಿಳಿದೇ ಅದನ್ನು ಸಣ್ಣಗೆ ಮಾಡಿದ್ದಾರೆ. ಡಿಸ್ಕಿಗೆಂದು ಮಾಡಿದ ಫೋರ್ಕುಗಳ ಕಾಲು ದಪ್ಪ.

ಇನ್ನೂ ಒಂದು ಸೂಕ್ಷ್ಮ ಉಂಟು. ಕ್ಯಾಲಿಪರ್ ಫೋರ್ಕಿನ ಹಿಂಬದಿಯಲ್ಲಿದ್ದಾಗ, ಬ್ರೇಕು ಹಿಡಿದಾಗಲೆಲ್ಲ ಚಕ್ರದ ಅಚ್ಚನ್ನು ಫೋರ್ಕಿನ ತೆರೆದ ಬಾಯಿಯಿಂದ ಕೆಳಕ್ಕೆ ದೂಡುವ ಬಲ ಹುಟ್ಟುತ್ತದೆ. ಬಿಗಿ ಸಡಿಲವಾಗಿದ್ದರೆ ಚಕ್ರವೇ ಹೊರಬರಬಹುದು. ನಿಲ್ಲಿಸಲೆಂದು ಹಾಕಿದ್ದು ಬೀಳಿಸುವುದಕ್ಕೆ ಕಾರಣವಾದೀತು.

ಹಿಂದಿನ ಚಕ್ರಕ್ಕೆ ಹಾಕುವುದಾದರೆ ಫ್ರೇಮಿಗೆ ಕ್ಯಾಲಿಪರ್ ಕೂರಲು ಕಿವಿ ಬೇಕು. ಹಳೆಯ ಫ್ರೇಮಿಗೆ ಅದಿಲ್ಲ. ಪಟ್ಟಿ ಕಟ್ಟಿ ಬಿಗಿಯುವ ತುಣುಕುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ತಮ್ಮ ಭಾರವನ್ನೆಲ್ಲ ಅದಕ್ಕೆಂದು ಮಾಡದ ಸಣ್ಣ ಕೊಳವೆಯ ಮೇಲೆ ಒರಗಿಸುತ್ತವೆ. ಬೆಸುಗೆ ಹಾಕಿಸಬಹುದಲ್ಲ ಎನ್ನುವಿರಿ. ಉಕ್ಕಿನ ಫ್ರೇಮಾದರೆ, ಫ್ರೇಮು ಕಟ್ಟಿ ಗೊತ್ತಿರುವ ಕೈಯಿಂದ, ಹಾಕಿಸಬಹುದು. ಅಲ್ಯೂಮಿನಿಯಂ ಹಾಗಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಶಾಖ ಕೊಟ್ಟು ಹದ ಮಾಡಿರುತ್ತಾರೆ. ಬೆಸುಗೆಯ ಬಿಸಿ ತಾಗಿದ ಕಡೆ ಆ ಹದ ಹೋಗಿ ಲೋಹ ಮೆತ್ತಗಾಗುತ್ತದೆ. ಮತ್ತೆ ಹದ ಕೊಡುವ ಕುಲುಮೆ ನಮ್ಮ ರಸ್ತೆಬದಿಯ ವೆಲ್ಡಿಂಗ್ ಅಂಗಡಿಗಳಲ್ಲಿ ಎಲ್ಲಿಂದ ಬರಬೇಕು? ಹೊರಗಿನಿಂದ ನೋಡಿದರೆ ಮೊದಲಿಗಿಂತ ಗಟ್ಟಿ. ಒಳಗೆ ಮೊದಲಿಗಿಂತ ದುರ್ಬಲ.

ಸೈಕಲ್ ಶಾಪಿನವರನ್ನೂ ನಾವು ಕೇಳಿದೆವು. ಅವರು ಕೊಟ್ಟ ಉತ್ತರ ನನ್ನ ಮನಸ್ಸಿನಲ್ಲಿ ಉಳಿದಿದೆ. "ಹಾಕುವುದು ಕಷ್ಟವಲ್ಲ ಫಾದರ್. ಬೇಕಾದರೆ ನಾಳೆಯೇ ಹಾಕಿಕೊಡುತ್ತೇನೆ, ದುಡ್ಡೂ ಬರುತ್ತದೆ. ಹಾಕಿದ ಮೇಲೆ ಅದು ತಡೆಯುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ." ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಎಂಟು ಅಂಗಗಳನ್ನು ಹೆಸರಿಸುತ್ತಾರೆ. ಅವುಗಳಲ್ಲಿ ಒಂದು, ಬಲ್ಲವರಿಂದ ಕಲಿಯುವ ವಿಧೇಯತೆ. ಮುಂದಾಲೋಚನೆ, ಸುತ್ತಲಿನ ಪರಿಸ್ಥಿತಿಯ ಪರಾಮರ್ಶೆ, ಎಚ್ಚರಿಕೆ ಇವೂ ಅದರೊಳಗಿವೆ. ದೇವಶಾಸ್ತ್ರ ಓದದ ಆ ಮೆಕ್ಯಾನಿಕ್ಕಿನ ಒಂದು ಮಾತಿನಲ್ಲಿ ಇವುಗಳಲ್ಲಿ ಮೂರಾದರೂ ಇದ್ದವು. ಬರುವ ದುಡ್ಡನ್ನು ಬೇಡವೆಂದ ಪ್ರಾಮಾಣಿಕತೆ ಬೇರೆ.

ನಮ್ಮ ಹಳೆಯ ತತ್ವಶಾಸ್ತ್ರದಲ್ಲಿ ಒಂದು ಸೂತ್ರವಿದೆ: ಕೊಡುವವನ ಶಕ್ತಿ ಎಷ್ಟೇ ಇರಲಿ, ಪಡೆಯುವ ಪಾತ್ರೆಯ ಅಳತೆಗೆ ತಕ್ಕಷ್ಟೇ ಅದು ಸಲ್ಲುತ್ತದೆ ಎಂಬುದು ಅದರ ಸಾರ. ಸೆಮಿನರಿಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ ಒಣ ಮಾತೆನಿಸುತ್ತಿತ್ತು. ಬ್ರೇಕು ಎಷ್ಟು ಬಲವುಳ್ಳದ್ದು ಎಂಬ ಪ್ರಶ್ನೆಗೆ ಮುಂಚೆ ಫ್ರೇಮು ಎಷ್ಟು ಹೊರಬಲ್ಲದು ಎಂದು ಕೇಳಬೇಕು ಎಂದರೆ ಅದೇ ಸೂತ್ರ ಅಂಗಡಿಯ ಭಾಷೆಯಲ್ಲಿ ಬಂದಂತಾಯಿತು.

ಹಾಗಾದರೆ ಹಳೆಯದಕ್ಕೆ ಹೊಸದನ್ನು ಸೇರಿಸುವುದೇ ತಪ್ಪೇ? ಖಂಡಿತ ಅಲ್ಲ. ಬೆಟ್ಟದ ಸೈಕಲ್ಲು ಹುಟ್ಟಿದ್ದೇ ಹಾಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಪ್ರಾಂತ್ಯವಿದೆ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು 1930, 40ರ ದಶಕಗಳ ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಹುಡುಕಿ ತಂದು ಬೆಟ್ಟದಿಂದ ಇಳಿಸುತ್ತಿದ್ದರು. 1976ರಲ್ಲಿ ಅವರು ಒಂದು ಇಳಿಜಾರು ಓಟವನ್ನೇ ಆರಂಭಿಸಿದರು. ಸುಮಾರು ಎರಡು ಮೈಲಿಯಲ್ಲಿ 1300 ಅಡಿ ಇಳಿಯುವ ಮಣ್ಣಿನ ದಾರಿ. ಆ ಸೈಕಲ್ಲುಗಳಲ್ಲಿ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ಬಿನೊಳಗಿನ ಬ್ರೇಕು. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಹಬ್ಬಿಗೆ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದಕ್ಕೇ ಆ ದಾರಿಗೆ 'ರೀಪ್ಯಾಕ್', ಅಂದರೆ ಮತ್ತೆ ತುಂಬು, ಎಂದು ಹೆಸರಾಯಿತು. ಅವರು ಅದಕ್ಕೆ ಡ್ರಮ್ ಬ್ರೇಕು ಹಾಕಿದರು, ಮೋಟಾರ್ ಸೈಕಲ್ಲಿನ ಹಿಡಿಕೆ ಹಾಕಿದರು, ಗೇರು ಹಾಕಿದರು. ಎಷ್ಟೋ ಉಪಾಯ ಫಲಿಸಿತು. ಫ್ರೇಮುಗಳು ಬಗ್ಗಿದವು, ಮುರಿದವು ಕೂಡ. ಕೊನೆಗೆ 1977ರಲ್ಲಿ ಅವರಲ್ಲೊಬ್ಬನಾದ ಜೋ ಬ್ರೀಜ್ ಎಂಬಾತ ಈ ಕೆಲಸಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದನು. ಅವನ ಮೊದಲ ಸೈಕಲ್ಲು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಇದರಲ್ಲಿ ನನಗೆ ಹಿಡಿಸುವುದು ಅವರು ಹಳೆಯದನ್ನು ಕೈಬಿಟ್ಟ ರೀತಿಯಲ್ಲ; ಹಳೆಯದರಿಂದ ಕಲಿತ ರೀತಿ. ಯಾವ ಜಾಗದಲ್ಲಿ ಹಳೆಯ ಫ್ರೇಮು ಮುರಿಯಿತೋ ಅದನ್ನು ನೋಡಿಯೇ ಹೊಸದನ್ನು ಕಟ್ಟಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾವಿಧಿಯ ಸುಧಾರಣೆಯ ಬಗ್ಗೆ ಹೇಳುವಾಗಲೂ ಹೊಸ ರೂಪಗಳು ಇದ್ದ ರೂಪಗಳಿಂದಲೇ ಸಹಜವಾಗಿ ಬೆಳೆದು ಬರಬೇಕೆಂದು ಬಯಸಿತು. 2019ರಲ್ಲಿ ಸಂತಪದವಿಗೇರಿದ ಜಾನ್ ಹೆನ್ರಿ ನ್ಯೂಮನ್‌ರು 1845ರಲ್ಲೇ ಬೆಳವಣಿಗೆಗೂ ಕೆಡುವುದಕ್ಕೂ ಇರುವ ಭೇದವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಇದನ್ನು ಓದಿದ್ದರೆ, ಮಣ್ಣಿನ ಗಾರೆಯ ಹಳೆಯ ಗೋಡೆಗಳ ಮೇಲೆ ಕಾಂಕ್ರೀಟಿನ ಗಂಟೆಗೋಪುರ ಏರಿಸಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿರುಕು ಬಿಟ್ಟಿತೆಂದು ಚಂದಾ ಎತ್ತುವುದು ಎಷ್ಟೋ ಕಡೆ ತಪ್ಪುತ್ತಿತ್ತು. ಇರಲಿ.

ಆ ತಾಯಿಯ ಪ್ರಶ್ನೆಗೆ ಬರೋಣ. ತೀರಿಹೋದವರ ನೆನಪಿಗೆ ಬೆಲೆಯಿದೆಯೇ? ಇದೆ. ಆದರೆ ಆ ತಂದೆ ಸೈಕಲ್ಲು ತಂದದ್ದು ಗೋಡೆಗೆ ತೂಗುಹಾಕಲೆಂದೂ ಅಲ್ಲ, ಮಗನನ್ನು ಅಪಾಯಕ್ಕೆ ಒಡ್ಡಲೆಂದೂ ಅಲ್ಲ. ಸವೆದ ರಬ್ಬರು, ತುಕ್ಕು ಹಿಡಿದ ತಂತಿ ಇವು ತಂದೆಯ ನೆನಪಲ್ಲ. ಅವು ನಮ್ಮ ಉದಾಸೀನದ ಗುರುತು. ಪ್ರೀತಿಯಿಂದ ಮುಟ್ಟದೆ ಇಟ್ಟ ವಸ್ತುವೂ ತುಕ್ಕು ಹಿಡಿಯುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಆಜ್ಞೆಯನ್ನು ವಿವರಿಸುವಾಗ, ವೇಗದ ಮೋಹದಿಂದ ರಸ್ತೆಯಲ್ಲಿ ತಮ್ಮ ಮತ್ತು ಇತರರ ಜೀವವನ್ನು ಅಪಾಯಕ್ಕೆ ತಳ್ಳುವವರು ಘೋರ ದೋಷಕ್ಕೆ ಗುರಿಯಾಗುತ್ತಾರೆಂದು ಬೋಧಿಸುತ್ತದೆ. ಕೊಲೆ ಮಾಡಬೇಡ ಎಂಬ ಆಜ್ಞೆಯ ಕೆಳಗೆ ಬ್ರೇಕಿನ ವಿಚಾರವೂ ಬರುತ್ತದೆಂದಾಯಿತು.

"ಜಪಸರ ಹ್ಯಾಂಡಲ್ಲಿಗೆ ಕಟ್ಟಿದ್ದೇನೆ ಫಾದರ್, ಮಾತೆ ಕಾಪಾಡುತ್ತಾರೆ," ಎಂದರು ತಾಯಿ. ಅದು ನಿಜವಾದ ಭಕ್ತಿ. ನಾನು ಅದನ್ನು ಲಘುವಾಗಿ ಕಾಣುವುದಿಲ್ಲ. ಆದರೆ ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಹೇಳಿದವನು ಯಾರೆಂಬುದನ್ನು ಮರೆಯಬಾರದು. ಸ್ವಾಮಿಯವರು ಧುಮುಕಲಿಲ್ಲ. ಗಿಸಾಲೊದ ಮಾತೆಯ ಮುಂದೆ ಮೊಣಕಾಲೂರುವ ಸವಾರರೂ ಹೊರಗೆ ಬಂದು ಬ್ರೇಕಿನ ತಂತಿ ನೋಡಿಕೊಂಡೇ ಇಳಿಯುತ್ತಾರೆ.

ಆ ಮನೆಯವರು ಮಾಡಿದ್ದು ಇಷ್ಟು. ಹಳೆಯ ಬ್ರೇಕನ್ನು ತೆಗೆದು, ಅದೇ ಗೂಟಗಳ ಮೇಲೆ ಕೂರುವ, ಜಪಾನಿನ ಶಿಮಾನೊ ಕಂಪೆನಿ 1996ರಲ್ಲಿ ಹೊರತಂದ ಮಾದರಿಯ ವಿ-ಬ್ರೇಕ್ ಹಾಕಿಸಿದರು. ಅದಕ್ಕೆ ತಕ್ಕ ಹಿಡಿಕೆ ಬೇಕು, ಅದನ್ನೂ ಹಾಕಿಸಿದರು. ಹೊಸ ತಂತಿ, ಹೊಸ ರಬ್ಬರು. ಚಕ್ರದ ಬೆಂಡ್ ತೆಗೆಸಿದರು. ತೆಳುವಾಗಿದ್ದ ಮುಂದಿನ ರಿಮ್ಮನ್ನು ಬದಲಿಸಿದರು. ಡಿಸ್ಕ್ ಇರುವ ಹೊಸ ಫೋರ್ಕು ಹಾಕಿಸಿ ಮುಂದಿನ ಚಕ್ರಕ್ಕೆ ಮಾತ್ರ ಡಿಸ್ಕ್ ಕೊಡುವುದು ಎಂಬ ಇನ್ನೊಂದು ದಾರಿಯೂ ಇತ್ತು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಬ್ರೇಕೇ. ಆದರೆ ಇಂದಿನ ಫೋರ್ಕುಗಳು ಉದ್ದ. ಹಾಕಿದರೆ ಸೈಕಲ್ಲಿನ ಮೂತಿ ಎದ್ದು, ಫ್ರೇಮಿನ ತಲೆಯ ಮೇಲೆ ಬೇರೆ ರೀತಿಯ ಒತ್ತಡ ಬೀಳುತ್ತದೆ. ಅಳತೆಗೆ ಸರಿಯಾದದ್ದು ಸಿಗಲಿಲ್ಲವಾಗಿ ಬಿಟ್ಟರು. ಮಳೆಯ ಮೂರು ತಿಂಗಳು ಹುಡುಗ ಬಸ್ಸಿಗೆ ಹೋಗುವುದೆಂದಾಯಿತು. ಚಿಕ್ಕಪ್ಪನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಾಲೇಜು ಮುಗಿಸಲಿ, ಡಿಸ್ಕ್ ಬ್ರೇಕಿಗೆಂದೇ ಮಾಡಿದ ಬೇರೆ ಸೈಕಲ್ಲು ಕೊಡಿಸುತ್ತೇನೆ ಎಂದರು. ಅದೂ ಒಳ್ಳೆಯದೇ.

ಓದುಗರೇ, ಸೈಕಲ್ಲಿನ ಲೆಕ್ಕ ಇಷ್ಟಕ್ಕೆ ಮುಗಿಯಿತು. ನಿಲ್ಲಿಸುವ ಬಲವನ್ನು ಹೊರುವವರು ಯಾರು ಎಂಬ ಪ್ರಶ್ನೆ ಮಾತ್ರ ನಮ್ಮ ಮನೆಗಳೊಳಗೂ ಬರುತ್ತದೆ.

ನಮ್ಮಲ್ಲಿ ಒಂದು ಮಾತುಂಟು. ಮಗ ಕುಡಿಯುತ್ತಾನೆ, ರಾತ್ರಿ ಮನೆಗೆ ಬರುವುದಿಲ್ಲ, ದುಡಿದದ್ದು ಕೈಯಲ್ಲಿ ನಿಲ್ಲುವುದಿಲ್ಲ. ಆಗ ಹಿರಿಯರು ಹೇಳುವುದೇನು? "ಒಂದು ಮದುವೆ ಮಾಡಿ, ಸರಿಹೋಗುತ್ತಾನೆ." ಅಂದರೆ ಓಡುವ ಗಾಡಿಗೆ ಬ್ರೇಕು ಬೇಕಾಗಿದೆ, ಬಡವರ ಮನೆಯ ಹೆಣ್ಣೊಂದನ್ನು ತಂದು ಬ್ರೇಕಾಗಿ ಬಿಗಿಯೋಣ ಎಂದು ಅರ್ಥ. ಹತ್ತು ವರ್ಷ ತಂದೆತಾಯಿ, ಅಣ್ಣತಮ್ಮಂದಿರು, ನೆರೆಹೊರೆ, ಗುರುಗಳು ಸೇರಿ ನಿಲ್ಲಿಸಲಾರದ ವೇಗವನ್ನು ಇಪ್ಪತ್ತೆರಡರ ಹುಡುಗಿಯೊಬ್ಬಳು ನಿಲ್ಲಿಸಬೇಕು. ಆ ಬಲ ಬೀಳುವುದು ಯಾವ ಕಡೆ? ಅವಳ ಬೆನ್ನಿನ ಮೇಲೆ, ಕೆಲವೊಮ್ಮೆ ಅಕ್ಷರಶಃ. ಅವನು ಸರಿಹೋಗದಿದ್ದರೆ ದೂರು ಬರುವುದೂ ಅವಳ ಮೇಲೆಯೇ. ಗಂಡನನ್ನು ಹಿಡಿತದಲ್ಲಿಟ್ಟುಕೊಳ್ಳಲು ಬರಲಿಲ್ಲ ಎಂದು.

ಮದುವೆ ಪವಿತ್ರ ಸಂಸ್ಕಾರ. ಅದನ್ನು ರಿಪೇರಿಯ ಸಾಮಾನಾಗಿ ಬಳಸುವುದು ಆ ಸಂಸ್ಕಾರಕ್ಕೂ ಅಗೌರವ, ಆ ಹೆಣ್ಣಿಗೂ ಅನ್ಯಾಯ. ಅವಳು ವ್ಯಕ್ತಿ, ಮತ್ತೊಬ್ಬರ ಉದ್ದೇಶಕ್ಕೆ ಬಿಗಿಯುವ ತುಣುಕಲ್ಲ. ಇನ್ನೊಂದು ಸಂಗತಿಯನ್ನು ಎಲ್ಲ ತಂದೆತಾಯಿಯರೂ ತಿಳಿದಿರಬೇಕು. ದಾಂಪತ್ಯ ಜೀವನವನ್ನು ಸ್ವಭಾವತಃ ತೀವ್ರವಾಗಿ ಕೆಡಿಸಬಲ್ಲ ಒಂದು ಗುಣದ ಬಗ್ಗೆ ವಂಚಿಸಿ, ಸಮ್ಮತಿ ಪಡೆಯಲೆಂದೇ ಆ ವಂಚನೆ ಮಾಡಿದ್ದರೆ, ಅಂಥ ವಂಚನೆಗೆ ಒಳಗಾಗಿ ಕೊಟ್ಟ ಸಮ್ಮತಿಯಿಂದ ಮದುವೆ ಸಿಂಧುವಾಗುವುದಿಲ್ಲವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1098ನೆಯ ವಿಧಿ ಹೇಳುತ್ತದೆ. ಮದುವೆಗೆ ಮುಂಚೆ ಗುರುಗಳು ಕೇಳುವ ಪ್ರಶ್ನೆಗಳು ಬರೀ ಶಾಸ್ತ್ರಕ್ಕಲ್ಲ. ಹೆಣ್ಣಿನ ಕಡೆಯವರು ವಿಚಾರಿಸಲು ಬಂದಾಗ ಹುಡುಗನ ಊರಿನವರು, ಎಲ್ಲ ತಿಳಿದೂ, ನಮಗೇಕೆ ಎಂದು ಸುಮ್ಮನಿರುವುದು ಪುಣ್ಯದ ಕೆಲಸವಲ್ಲ. ಆ ಮೆಕ್ಯಾನಿಕ್ಕು ನಮಗೆ ಹೇಳಿದಂತೆ, ತಡೆಯುತ್ತದೆಂದು ಹೇಳುವ ಧೈರ್ಯ ನಮಗಿಲ್ಲ ಎಂದಾದರೂ ಹೇಳಬಹುದಲ್ಲ.

ಭಾರ ಒಂದೇ ಕಾಲಿನ ಮೇಲೆ ಬೀಳುವ ಮನೆಗಳು ಇನ್ನೂ ಉಂಟು. ನಾಲ್ಕು ಮಕ್ಕಳಲ್ಲಿ ಮದುವೆಯಾಗದ ಹಿರಿಯ ಮಗಳೇ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮನೆ. ಉಳಿದವರು ಹಬ್ಬಕ್ಕೆ ಬಂದು ಹೋಗುತ್ತಾರೆ. ಅಕ್ಕ ಗಟ್ಟಿಗಿತ್ತಿ ಎಂದು ಹೊಗಳುತ್ತಾರೆ. ಫೋರ್ಕಿನ ಎಡಗಾಲೂ ಮುರಿಯುವ ದಿನದವರೆಗೆ ಗಟ್ಟಿಯಾಗಿಯೇ ಕಾಣುತ್ತದೆ. ಅವಳಿಗೆ ಬೇಕಾದದ್ದು ಹೊಗಳಿಕೆಯಲ್ಲ, ತಿಂಗಳಿಗೆ ಹತ್ತು ದಿನ ತಮ್ಮ ಬಂದು ಆ ಮನೆಯಲ್ಲಿ ಮಲಗುವುದು. ಹಾಗೆಯೇ ಎಪ್ಪತ್ತರ ತಂದೆಯನ್ನು ಕರೆದುಕೊಂಡು ಹೋಗಿ ಮಗನ ವ್ಯಾಪಾರದ ಸಾಲಕ್ಕೆ ಜಾಮೀನು ಸಹಿ ಹಾಕಿಸುವುದು. ಹೊಸ ದ್ರಾಕ್ಷಾರಸ ಉಬ್ಬುವಾಗ ಯಾವ ಚರ್ಮ ಬಿರಿಯುತ್ತದೆ?

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಫಾದರ್, ಹಳೆಯದಕ್ಕೆ ಹೊಸ ಬಲ ಹಾಕಬಾರದೆನ್ನುತ್ತೀರಿ. ಹಾಗಾದರೆ ದೈವಾನುಗ್ರಹ? ಮುರುಕಲು ಮನುಷ್ಯನಿಗೆ ದೇವರು ತಮ್ಮ ಜೀವವನ್ನೇ ಕೊಡುವುದಿಲ್ಲವೇ? ದುರ್ಬಲನಾದ ಪೇತ್ರನ ಮೇಲೆ ಧರ್ಮಸಭೆಯನ್ನೇ ಕಟ್ಟಲಿಲ್ಲವೇ? ಈ ಆಕ್ಷೇಪಣೆ ನ್ಯಾಯವಾದದ್ದು, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಅನುಗ್ರಹವು ಸ್ವಭಾವವನ್ನು ಅಳಿಸುವುದಿಲ್ಲ, ಪರಿಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸರ ಬೋಧನೆ. ಗಮನಿಸಿರಿ: ದೇವರು ಹೊರಗಿನಿಂದ ಭಾರವನ್ನು ಬಿಗಿದು ಹೋಗುವುದಿಲ್ಲ. ಕಲ್ಲಿನ ಹೃದಯವನ್ನು ತೆಗೆದು ಮಾಂಸದ ಹೃದಯವನ್ನು ಕೊಡುವೆನೆಂದು ಪ್ರವಾದಿ ಎಜೆಕಿಯೇಲನ ಮೂಲಕ ಅವರು ಮಾತು ಕೊಟ್ಟರು. ಅವರು ಕೊಡುವ ಬಲದ ಜೊತೆಗೆ ಹೊರುವ ಪಾತ್ರೆಯನ್ನೂ ಒಳಗಿನಿಂದ ಹೊಸದು ಮಾಡುತ್ತಾರೆ. ಸೃಷ್ಟಿಸಿದವರಿಗೆ ಮಾತ್ರ ಅದು ಸಾಧ್ಯ. ಪೇತ್ರನೂ ಒಂದೇ ದಿನದಲ್ಲಿ ಬಂಡೆಯಾಗಲಿಲ್ಲ. ಕೋಳಿ ಕೂಗಿದ ರಾತ್ರಿಯ ಅಳು ಇತ್ತು, ಸಮುದ್ರತೀರದ ಮೂರು ಪ್ರಶ್ನೆಗಳಿದ್ದವು, ಪಂಚಾಶತ್ತಮ ಹಬ್ಬದ ಪವಿತ್ರಾತ್ಮರ ಆಗಮನವಿತ್ತು. ನಾವು ಒಬ್ಬರ ಮೇಲೊಬ್ಬರು ಹೇರುವ ಭಾರಕ್ಕೂ ಇದಕ್ಕೂ ಹೋಲಿಕೆ ಸಲ್ಲದು. ನಾವು ಭಾರವನ್ನು ಹಾಕಬಲ್ಲೆವು. ಹೊರುವವರ ಎಲುಬನ್ನು ದಪ್ಪ ಮಾಡಲಾರೆವು. ಕುಡಿಯುವ ಮಗನಿಗೂ ಅನುಗ್ರಹದ ದಾರಿ ಇದೆ. ಅದು ಪಾಪನಿವೇದನೆಯ ಪೀಠದಿಂದ, ಚಿಕಿತ್ಸೆಯಿಂದ, ಅವನ ಸ್ವಂತ ಮನಸ್ಸಿನಿಂದ ಹೋಗಬೇಕು. ಹೆಂಡತಿಯಾಗಿ ಬರುವವಳು ಆ ದಾರಿಯಲ್ಲಿ ಜೊತೆಗಾತಿಯಾಗಬಹುದು, ತಾನೇ ತಿಳಿದು ಒಪ್ಪಿದರೆ.

ಕೊನೆಯದಾಗಿ ಒಂದು ಚಿಕ್ಕ ವಿಷಯ. ಇದನ್ನು ಬರೆಯುತ್ತಿದ್ದೇನೆಂದು ತಿಳಿದ ಒಬ್ಬರು, ತಮ್ಮ ಮನೆಯಲ್ಲೂ ಇಂಥದೇ ಹಳೆಯ ಸೈಕಲ್ಲಿದೆ, ಮಗನಿಗೆ ಹೊಸದು ಕೊಡಿಸಿದ್ದೇವೆ, ಹಳೆಯದನ್ನು ಬಡ ಹುಡುಗನಿಗೆ ಕೊಡಬಹುದೇ ಎಂದು ಕೇಳಿದರು. ನಮ್ಮ ಮಗನಿಗೆ ಅಪಾಯವೆನಿಸಿದ್ದು ಬಡವನ ಮಗನಿಗೆ ಹೇಗೆ ದಾನವಾದೀತು? ಕೊಡಿರಿ, ಆದರೆ ಮೊದಲು ಅಂಗಡಿಗೆ ಒಯ್ದು ಎರಡೂ ಬ್ರೇಕಿನ ತಂತಿ ಮತ್ತು ರಬ್ಬರು ಬದಲಿಸಿರಿ. ರಿಮ್ಮಿನ ಗೋಡೆಯನ್ನು ಬೆರಳಿನಿಂದ ಸವರಿ ನೋಡಿರಿ. ಒಳಕ್ಕೆ ಗುಳಿ ಬಿದ್ದಿದ್ದರೆ ರಿಮ್ಮನ್ನೂ ಬದಲಿಸಿರಿ. ಫೋರ್ಕಿನ ಬುಡದಲ್ಲಿ, ಫ್ರೇಮಿನ ಕೀಲುಗಳಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಬಣ್ಣ ಒರೆಸಿ ಹಗಲು ಬೆಳಕಿನಲ್ಲಿ ನೋಡಲು ಹೇಳಿರಿ. ಬಿರುಕಿದ್ದರೆ ಯಾರಿಗೂ ಕೊಡಬೇಡಿರಿ, ಗುಜರಿಗೆ ಹಾಕಿರಿ. ಬಿರುಕಿಲ್ಲದಿದ್ದರೆ ಹುಡುಗನ ತಂದೆತಾಯಿಯರನ್ನು ಕರೆದು, ಇದು ಹಳೆಯದು, ಮಳೆಯಲ್ಲಿ ಇಳಿಜಾರಿಗೆ ಒಯ್ಯಬೇಡಿ ಎಂದು ಅವರ ಎದುರಿಗೇ ಹೇಳಿ ಕೊಡಿರಿ. ರಿಪೇರಿಯ ಖರ್ಚನ್ನು ನೀವೇ ಕೊಡಿರಿ.